ಉಪ್ಪಿನಕಾಯಿ ಭರಣಿಗೆ ಆರ್ಕಿಟೆಕ್ಟ್ ಆಫೀಸು

ಅಕ್ಕನ ಅಪ್ಪೆಮಿಡಿ ಉಪ್ಪಿನಕಾಯಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ ಅಂತ ನಾನು ಮಾತು ಕೊಟ್ಟಿದ್ದು ಊಟದ ಎಲೆ ಮುಂದೆ ಕೂತಾಗ. ಮೊಸರನ್ನದ ಪಕ್ಕ ಅವಳ ಮಿಡಿ ಇದ್ದರೆ ಯಾರಾದರೂ ಏನನ್ನಾದರೂ ಒಪ್ಪಿಕೊಂಡುಬಿಡುತ್ತಾರೆ. "ಒಂದು ವಾರ ಸಾಕು ಅಕ್ಕಾ. ಈಗ ಎಲ್ಲ ಟೆಂಪ್ಲೇಟ್ ಸಿಗ್ತದೆ. ಹೆಸರು ಬದಲಾಯಿಸಿದ್ರೆ ಆಯ್ತು" ಅಂದೆ. ಏಳು ವಾರ ಹಿಡಿಯಿತು.

ಹೆಸರು ಬದಲಾಯಿಸಿದ್ರೆ ಆಯ್ತು ಅನ್ನೋ ಮಾತು ನನ್ನ ಬಾಯಲ್ಲಂತೂ ಬರಬಾರದಿತ್ತು. ನಾನು 2003ರಿಂದ ಸಾಗರದಲ್ಲಿ ಡಿಟಿಪಿ ಅಂಗಡಿ ಇಟ್ಟುಕೊಂಡವನು. ಮದುವೆ ಕಾಗದ, ಉಪನಯನದ ಕಾಗದ, ಬಿಲ್ ಬುಕ್, ವೈಕುಂಠ ಸಮಾರಾಧನೆಯ ಕಾರ್ಡು. ಗಿರಾಕಿ ಬರುತ್ತಾರೆ, ಸ್ಯಾಂಪಲ್ ಆಲ್ಬಮ್ ತಿರುವಿ ಹಾಕುತ್ತಾರೆ, ಒಂದರ ಮೇಲೆ ಬೆರಳಿಟ್ಟು "ಇದೇ ತರ ಮಾಡಿ ಸಾರ್, ಹೆಸರು ಮಾತ್ರ ಬೇರೆ" ಅನ್ನುತ್ತಾರೆ. ನಾನು ಹಳೆ ಫೈಲ್ ತೆಗೆದು, ಸೇವ್ ಆ್ಯಸ್ ಕೊಟ್ಟು, ಹೆಸರು ಬದಲಾಯಿಸುತ್ತೇನೆ. ಇಪ್ಪತ್ತೆರಡು ವರ್ಷದಿಂದ ನನ್ನ ಹೊಟ್ಟೆ ತುಂಬಿಸಿದ್ದು ಟೆಂಪ್ಲೇಟೇ. ಆ ಕೆಲಸದ ಗುಂಡಿ ಎಲ್ಲಿರುತ್ತದೆ ಅಂತಲೂ ನನಗೆ ಗೊತ್ತು. ಒಂದು ಸಲ ಹಳೇ ಫೈಲಿನಲ್ಲಿದ್ದ ಹುಡುಗಿಯ ಸೋದರಮಾವನ ಹೆಸರು ಹೊಸ ಕಾರ್ಡಿನಲ್ಲಿ ಹಾಗೇ ಉಳಿದುಹೋಗಿತ್ತು. ನಾನೂರು ಕಾರ್ಡು. ಪ್ರೂಫಿಗೆ ಸಹಿ ಹಾಕಿದ್ದು ಅವರೇ ಆದರೂ ಮರುಮುದ್ರಣದ ಖರ್ಚು ನನ್ನದೇ ಆಯಿತು. ಯಾರದೋ ಮಾವ ಇನ್ಯಾರದೋ ಮದುವೆಗೆ ಕರೆದರೆ ಸುಮ್ನೆ ಬಿಡುತ್ತಾರಾ?

ಈ ಸಲ ಆಲ್ಬಮ್ ತಿರುವಿ ಹಾಕುವ ಗಿರಾಕಿ ನಾನಾಗಿದ್ದೆ.

ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್ ಅನ್ನೋ ಸಾಫ್ಟ್‌ವೇರ್ ಆರಿಸಿಕೊಂಡೆ. ದೊಡ್ಡ ಲೆಕ್ಕಾಚಾರ ಏನಿಲ್ಲ. ಅದು ಶುರುವಾಗಿದ್ದೂ 2003ರಲ್ಲೇ, ಮೇ ತಿಂಗಳಲ್ಲಿ. ನನ್ನ ಅಂಗಡಿಯ ಓರಗೆಯದ್ದು ಅಂತ ಒಂದು ಅಭಿಮಾನ. ಜೊತೆಗೆ ಪುಕ್ಕಟೆ. ಡೊಮೇನು ಅಂದರೆ ಸೈಟಿನ ಹೆಸರು, ಹೋಸ್ಟಿಂಗ್ ಅಂದರೆ ಅದನ್ನು ಇಡುವ ಜಾಗ, ಇವೆರಡಕ್ಕೆ ಮಾತ್ರ ದುಡ್ಡು.

ಮೊದಲು ಮಾಡಿದ್ದು ದಡ್ಡ ಕೆಲಸ. ಯಾವುದೋ ಕಂಪನಿಯ ಥೀಮ್ (ಇಲ್ಲಿ ಟೆಂಪ್ಲೇಟಿಗೆ ಹಾಗನ್ನುತ್ತಾರೆ), ಹೋಟೆಲಿನವರಿಗೆ ಅಂತ ಮಾಡಿದ್ದು, ಫೋಟೋದಲ್ಲಿ ಬಹಳ ಚಂದ ಕಂಡಿತು. ಡೆಮೊ ಇಂಪೋರ್ಟ್ ಅನ್ನೋ ಬಟನ್ ಒತ್ತಿದೆ. ಇಪ್ಪತ್ತಮೂರು ಪುಟ ಬಂದು ಬಿದ್ದವು. ಟೇಬಲ್ ಬುಕಿಂಗ್ ಪುಟ, ಬಾಣಸಿಗರ ಪರಿಚಯದ ಪುಟ, ವೈನ್ ಪಟ್ಟಿ. ಒಂಬತ್ತು ಪ್ಲಗಿನ್, ಅಂದರೆ ಸೈಟಿಗೆ ಸೇರಿಸುವ ಪುಟ್ಟ ಸಾಫ್ಟ್‌ವೇರು, ಹಾಕಿ ಅಂತ ಕೇಳಿತು, ಹಾಕಿದೆ. ಆಮೇಲೆ ಸೈಟು ತೆರೆಯುವಷ್ಟರಲ್ಲಿ ಒಂದು ಕವಳ ಹಾಕಿ ಮುಗಿಸಬಹುದಿತ್ತು. ಎರಡು ಸಂಜೆ ಕೂತು ವೈನ್ ಪಟ್ಟಿಯನ್ನು ಉಪ್ಪಿನಕಾಯಿ ಪಟ್ಟಿ ಮಾಡಲು ಹೆಣಗಿದೆ. ಮೂರನೇ ಸಂಜೆ ಎಲ್ಲ ಅಳಿಸಿ, ವರ್ಡ್‌ಪ್ರೆಸ್‌ನವರೇ ಕೊಡುವ ಟ್ವೆಂಟಿ ಟ್ವೆಂಟಿ-ಫೋರ್ ಥೀಮ್ ಹಾಕಿಕೊಂಡೆ. 2023ರ ಕೊನೆಗೆ ಬಂದದ್ದು. ಇದಕ್ಕಿಂತ ಹೊಸದೂ ಇದೆ. ಆದರೆ ಇದರ ಬಿಳಿ ಜಾಗ ನನಗೆ ಹಿಡಿಸಿತು. ಕಾರ್ಡು ಮಾಡುವವನ ಕಣ್ಣಿಗೆ ಬಿಳಿ ಜಾಗವೇ ಮೊದಲು ಕಾಣೋದು.

ಇದನ್ನು ಹಾಕಿದ ಕೂಡಲೇ ಮುಖಪುಟದಲ್ಲಿ ಬರುವುದು ಒಂದು ಕಾಲ್ಪನಿಕ ಆರ್ಕಿಟೆಕ್ಟ್ ಸಂಸ್ಥೆ. ಫ್ರೆಂಚ್ ಹೆಸರು. ಮೇಲೆ ದೊಡ್ಡದಾಗಿ ಹೊಸತನಕ್ಕೂ ಸುಸ್ಥಿರತೆಗೂ ನಾವು ಬದ್ಧ ಅನ್ನೋ ಅರ್ಥದ ಇಂಗ್ಲಿಷ್ ಸಾಲು, ಕೆಳಗೆ ಕಾಂಕ್ರೀಟ್ ಕಟ್ಟಡದ ಫೋಟೋ. ಅದರ ಕೆಳಗೆ ಆರು ಚೌಕ: ಹಳೆ ಕಟ್ಟಡ ನವೀಕರಣ, ಸಲಹೆ, ಪ್ರಾಜೆಕ್ಟ್ ನಿರ್ವಹಣೆ, ಹೀಗೆ. ಇನ್ನೂ ಕೆಳಗೆ ಒಬ್ಬ ಸಿಇಒ ಹೇಳಿಕೆ, ಇವರಿಂದ ನಮಗೆ ಸಾವಿರಾರು ಗಂಟೆ ಕೆಲಸ ಉಳಿಯಿತು ಅಂತ.

ಅಕ್ಕನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗಿನವರೆಗೂ ನೋಡಿದಳು. "ಎಂತದಾ ಇದು? ಮನೆ ಕಟ್ಸಿಕೊಡ್ತೀವಿ ಅಂತನಾ?"

"ಇಲ್ಲ ಅಕ್ಕಾ. ಇದು ಮಾದರಿ. ಇದರೊಳಗೆ ನಮ್ಮದು ತುಂಬಿಸ್ಬೇಕು."

"ಭರಣಿ ತರ?"

ಹೂಂ ಅಂದೆ. ಒಳಗೊಳಗೇ ಅನ್ನಿಸಿತು, ಭರಣಿಯಾದರೆ ನೀನು ಹಾಕಿದ್ದನ್ನು ಹಾಕಿಸಿಕೊಳ್ಳುತ್ತದೆ, ಅಷ್ಟೆ. ಟೆಂಪ್ಲೇಟು ಹಾಗಲ್ಲ, ಇಲ್ಲಿ ಆರು ಚೌಕ ಇದೆ, ಆರೂ ತುಂಬಿಸು ಅನ್ನುತ್ತದೆ.

ಮೊದಲ ಸಲ ನಾನು ಆರೂ ತುಂಬಿಸಿದೆ. ಶುದ್ಧ, ರುಚಿಕರ, ಆರೋಗ್ಯಕರ, ಸಾಂಪ್ರದಾಯಿಕ, ಮನೆಯಲ್ಲೇ ತಯಾರಿಸಿದ್ದು, ಗುಣಮಟ್ಟದ ಭರವಸೆ. ಪ್ರತಿಯೊಂದರ ಕೆಳಗೆ ಎರಡು ಸಾಲು. ಇಪ್ಪತ್ತೆರಡು ವರ್ಷ ಪಾಂಪ್ಲೆಟ್ ಬರೆದ ಕೈ, ಹತ್ತು ನಿಮಿಷದಲ್ಲಿ ಆಯಿತು. ಅಕ್ಕ ಓದಿ, "ಚೊಲೋ ಇದ್ದು. ಆದ್ರೆ ಇದು ಯಾರ ಉಪ್ಪಿನಕಾಯಿ?" ಅಂತ ಕೇಳಿದಳು. ವ್ಯಂಗ್ಯ ಅಲ್ಲ, ನಿಜವಾಗಿಯೂ ಕೇಳಿದಳು.

ಅವತ್ತು ರಾತ್ರಿ ಐದು ಚೌಕ ಅಳಿಸಿದೆ. ಆಮೇಲೆ ಎರಡು ವಾಪಸ್ ಹಾಕಿದೆ. ಅವಳು ಮಾರುವುದೇ ಮೂರು ಬಗೆ: ಅಪ್ಪೆಮಿಡಿ, ಜೀರಿಗೆ ಮಿಡಿ, ಕಂಚಿಕಾಯಿ. ಮೂರಕ್ಕೆ ಮೂರು ಚೌಕ. ಸಿಇಒ ಹೇಳಿಕೆಯ ಜಾಗಕ್ಕೆ ಗಿರಾಕಿಗಳ ಮಾತು ಹಾಕೋಣ ಅಂತ ಇತ್ತು. ಅಕ್ಕನ ಉಪ್ಪಿನಕಾಯಿಯಿಂದ ಯಾರಿಗೂ ಒಂದು ಗಂಟೆಯೂ ಉಳಿದಿಲ್ಲ. ಊಟ ಇನ್ನೊಂದು ಕಾಲು ಗಂಟೆ ಜಾಸ್ತಿ ಎಳೆಯುತ್ತದೆ. ಆ ಬ್ಲಾಕನ್ನೂ ತೆಗೆದೆ.

ಈಗ ಅಕ್ಷರದ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕನ್ನಡದಲ್ಲಿ ಸೈಟು ಮಾಡುವವರು ಎಲ್ಲರೂ ಇಲ್ಲೇ ಮುಗ್ಗರಿಸುವುದು.

ಅಕ್ಕನ ಲೇಬಲ್ಲು, ಕರಪತ್ರ ಎಲ್ಲ ನನ್ನ ಅಂಗಡಿಯದ್ದೇ. ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಲ್ಲಿ ಮಾಡಿದ್ದು. ಹೊಸದಾಗಿ ಯಾಕೆ ಟೈಪ್ ಮಾಡೋದು ಅಂತ ಹಳೆ ಫೈಲಿಂದ ಕಾಪಿ ಮಾಡಿ ಇಲ್ಲಿ ಪೇಸ್ಟ್ ಮಾಡಿದೆ. ಉಪ್ಪಿನಕಾಯಿ ಅನ್ನೋ ಜಾಗದಲ್ಲಿ ಇಂಗ್ಲಿಷಿನ ಜಿ ಅಕ್ಷರದಿಂದ ಶುರುವಾಗುವ, ನಡುವೆ ಇಂಗ್ಲೆಂಡಿನ ಪೌಂಡ್ ಗುರುತಿರುವ ಏನೋ ಒಂದು ಬಂತು. ಹಳೇ ನುಡಿ ಫಾಂಟು ಒಳಗೆ ಇಡುವುದು ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ. ಮೇಲೆ ಕನ್ನಡದ ಚಿತ್ರ ಹೊದಿಸಿರುತ್ತದೆ. ಫಾಂಟ್ ಬದಲಾದರೆ ಹೊದಿಕೆ ಜಾರಿ ಒಳಗಿನದು ಕಾಣುತ್ತದೆ. ನನಗೆ ಇದು ಗೊತ್ತಿಲ್ಲದ ವಿಷಯವೇನಲ್ಲ, ಪತ್ರಿಕೆಯವರಿಗೆ ವರದಿ ಕಳಿಸುವವರು ದಿನಾ ನನ್ನ ಹತ್ತಿರ ಎಲ್ಲ ಯಂತ್ರದಲ್ಲೂ ಕನ್ನಡವಾಗಿಯೇ ಉಳಿಯುವ ಯುನಿಕೋಡಿಗೆ ಬದಲಾಯಿಸಿಕೊಂಡು ಹೋಗುತ್ತಾರೆ. ಆದರೂ ನನ್ನ ಮನೆ ಕೆಲಸಕ್ಕೆ ಮರೆತೆ. ಕನ್ವರ್ಟರಿಗೆ ಹಾಕಿ ತೆಗೆದೆ. ಅರ್ಕಾವತ್ತು ಇರುವ ಕಡೆ ಎರಡು ಮೂರು ತಪ್ಪು ಬಂದವು, ಕೈಯಲ್ಲಿ ತಿದ್ದಿದೆ.

ಅಕ್ಷರ ಸರಿಯಾಯಿತು, ರೂಪ ಸರಿಯಾಗಲಿಲ್ಲ. ಈ ಥೀಮಿನ ಶೀರ್ಷಿಕೆಗಳಿಗೆ ಕಾರ್ಡೊ ಅನ್ನೋ ಫಾಂಟು, ಉಳಿದದ್ದಕ್ಕೆ ಇಂಟರ್. ಎರಡೂ ಚಂದ. ಎರಡರಲ್ಲೂ ಕನ್ನಡ ಇಲ್ಲ. ಫಾಂಟಿನಲ್ಲಿ ಅಕ್ಷರ ಸಿಗದಿದ್ದರೆ ಬ್ರೌಸರು ಆಯಾ ಯಂತ್ರದಲ್ಲಿ ಇರುವ ಕನ್ನಡ ಫಾಂಟನ್ನು ಎತ್ತಿಕೊಳ್ಳುತ್ತದೆ. ನನ್ನ ವಿಂಡೋಸಲ್ಲಿ ನಿರ್ಮಲಾ ಬಂತು, ಅಕ್ಕನ ಆಂಡ್ರಾಯ್ಡ್ ಫೋನಲ್ಲಿ ನೋಟೊ ಬಂತು. ನಾನು ಗಂಟೆಗಟ್ಟಲೆ ಕೂತು ಅಳತೆ ಹೊಂದಿಸಿದ್ದು ಅವಳ ಫೋನಲ್ಲಿ ಬೇರೆಯೇ ಆಗಿತ್ತು. 2024ರ ಏಪ್ರಿಲಲ್ಲಿ ಬಂದ ವರ್ಡ್‌ಪ್ರೆಸ್ 6.5ರಿಂದ ಎಡಿಟರಿನ ಒಳಗೇ ಫಾಂಟ್ ಲೈಬ್ರರಿ ಇದೆ, ಗೂಗಲ್ ಫಾಂಟುಗಳನ್ನು ಅಲ್ಲಿಂದಲೇ ಸೇರಿಸಬಹುದು. ಬಲೂ ತಮ್ಮ ಹಾಕಿ ನೋಡಿದೆ, ಮಕ್ಕಳ ಹುಟ್ಟುಹಬ್ಬದ ಬ್ಯಾನರ್ ಕಂಡ ಹಾಗಾಯಿತು. ಅನೇಕ್ ಕನ್ನಡ ಚೂಪಾಗಿದೆ, ಆದರೆ ಉಪ್ಪಿನಕಾಯಿಗಿಂತ ಬ್ಯಾಂಕಿಗೆ ಒಪ್ಪುತ್ತದೆ. ಕೊನೆಗೆ ನೋಟೊ ಸೆರಿಫ್ ಕನ್ನಡದಲ್ಲಿ ನಿಂತೆ. ಅದರ ದಪ್ಪ ಸಣ್ಣ ಗೆರೆಯಲ್ಲಿ ಹಳೇ ಅಚ್ಚಿನ ಮೊಳೆಯ ನೆನಪು ಇದೆ.

ಆಮೇಲೆ ಸಾಲಿನ ಅಂತರ. ಇಂಗ್ಲಿಷ್ ಶೀರ್ಷಿಕೆಗೆ ಅಕ್ಷರದ ಎತ್ತರದ 1.2 ಪಟ್ಟು ಅಂತರ ಕೊಟ್ಟರೆ ಬಿಗಿಯಾಗಿ ಚಂದ ಕಾಣುತ್ತದೆ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ನಮ್ಮ ಮೊದಲ ಸಾಲಿನ 'ಅಪ್ಪೆ'ಯ ಒತ್ತು ಕೆಳಗಿನ ಸಾಲಿನ 'ಮಿಡಿ'ಯ ತಲೆಗೆ ಕುಟ್ಟುತ್ತಿತ್ತು. ಎರಡು ಸಾಲು ಜಗಳ ಆಡುತ್ತಿರುವ ಹಾಗೆ. 1.5ಕ್ಕೆ ಏರಿಸಿದ ಮೇಲೆ ಇಬ್ಬರೂ ಸಮಾಧಾನವಾದರು. ಇನ್ನು ಆ ಹೋಟೆಲ್ ಥೀಮಿನಲ್ಲಿ ಶೀರ್ಷಿಕೆಯ ಅಕ್ಷರಗಳ ನಡುವೆ ಜಾಗ ಬಿಡುವ ಶೋಕಿ ಇತ್ತು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅದು ಒಪ್ಪುತ್ತದೆ. ಕನ್ನಡಕ್ಕೆ ಹಾಕಿದರೆ ಒಂದೊಂದು ಅಕ್ಷರವೂ ಪಕ್ಕದ್ದರ ಜೊತೆ ಮಾತು ಬಿಟ್ಟ ಹಾಗೆ ದೂರ ದೂರ ನಿಲ್ಲುತ್ತದೆ.

ಪದದ ಉದ್ದ ಬೇರೆ. ಟೆಂಪ್ಲೇಟಿನ ಬಟನ್ನಿಗೆ ಇಂಗ್ಲಿಷಿನ ಎರಡು ಪುಟ್ಟ ಪದ ಸಾಕು. ನಾನು 'ಇನ್ನಷ್ಟು ತಿಳಿದುಕೊಳ್ಳಿ' ಅಂತ ಹಾಕಿದೆ. ಫೋನಿನಲ್ಲಿ ಬಟನ್ ಮುರಿದು ಎರಡು ಸಾಲಾಯಿತು. 'ನೋಡಿ' ಅಂತ ಮಾಡಿದೆ. ಅಷ್ಟೇ ಸಾಕಿತ್ತು, ಅಲ್ವಾ?

ಇನ್ನೊಂದು ತಮಾಷೆ ಪುಟದ ವಿಳಾಸದ್ದು. ಪುಟಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಬ್ರೌಸರಿನಲ್ಲಿ ನೋಡೋಕೆ ಖುಷಿ. ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಉದ್ದಕ್ಕೂ ಪರ್ಸೆಂಟ್ ಗುರುತು, ಅಂಕಿ, ಇಂಗ್ಲಿಷ್ ಅಕ್ಷರ. ಕನ್ನಡದ ಒಂದೊಂದು ಸಂಕೇತವೂ ಅಲ್ಲಿ ಒಂಬತ್ತು ಚಿಹ್ನೆ ಆಗುತ್ತದೆ. 'ಉಪ್ಪಿನಕಾಯಿ'ಯಲ್ಲಿ ಗುಣಿತ, ವಿರಾಮ ಎಲ್ಲ ಸೇರಿ ಹತ್ತು ಸಂಕೇತ. ಒಂದು ಪದಕ್ಕೆ ತೊಂಬತ್ತು ಚಿಹ್ನೆ! ಅಕ್ಕನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಇದನ್ನು ನೋಡಿ, ಇದು ಬ್ಯಾಂಕ್ ಖಾತೆ ಖಾಲಿ ಮಾಡುವ ಲಿಂಕು, ಯಾರೂ ಒತ್ತಬೇಡಿ ಅಂತ ಎಲ್ಲರಿಗೂ ಎಚ್ಚರಿಕೆ ಕೊಟ್ಟರು. ಅವರನ್ನು ದೂರೋಕೆ ಆಗೋದಿಲ್ಲ. ಶೀರ್ಷಿಕೆ ಕನ್ನಡದಲ್ಲೇ ಬಿಟ್ಟು ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಕೈಯಾರೆ ಬರೆದೆ. ಕನ್ನಡದ ಅಭಿಮಾನ ಬಿಟ್ಟ ಹಾಗೆ ಒಂದು ಕ್ಷಣ ಅನ್ನಿಸಿದ್ದು ನಿಜ.

ಫೋಟೋ ತೆಗೆದದ್ದು ಭಾವ. ಅವರು ಪ್ರತಿ ಭರಣಿಯನ್ನೂ ನಿಲ್ಲಿಸಿ, ಫೋನನ್ನೂ ನಿಲ್ಲಿಸಿಯೇ ಹಿಡಿದು ತೆಗೆದಿದ್ದರು. ಟೆಂಪ್ಲೇಟಿನ ಮೇಲಿನ ಜಾಗ ಅಡ್ಡ. ಹಾಗೇ ಹಾಕಿದರೆ ಭರಣಿಯ ಕುತ್ತಿಗೆ ಕತ್ತರಿಸಿ ಹೊಟ್ಟೆ ಮಾತ್ರ ಉಳಿಯಿತು. "ಭಾವ, ಫೋನ್ ಅಡ್ಡ ಹಿಡೀರಿ" ಅಂತ ಹೇಳಿದ್ದಕ್ಕೆ ಭರಣಿಯನ್ನೇ ಅಡ್ಡ ಮಲಗಿಸಿ ತೆಗೆದು ಕಳಿಸಿದರು. ಪುಣ್ಯ, ಖಾಲಿ ಭರಣಿ. ಕೊನೆಗೆ ನಾನೇ ಭಾನುವಾರ ಹೋಗಿ, ಬೆಳಿಗ್ಗೆ ಎಂಟರ ಬಿಸಿಲಿಗೆ, ಜಗಲಿ ಕಟ್ಟೆ ಮೇಲೆ ಐದು ಭರಣಿ ಸಾಲಾಗಿ ಇಟ್ಟು ತೆಗೆದೆ. ಒಂದೊಂದು ಫೋಟೋ ಐದು ಎಂಬಿ. ವರ್ಡ್‌ಪ್ರೆಸ್ ತಾನೇ 2560 ಪಿಕ್ಸೆಲಿಗೆ ಇಳಿಸಿಕೊಳ್ಳುತ್ತದೆ ನಿಜ, ಆದರೂ ನಮ್ಮ ಹಳ್ಳಿ ಕಡೆ ನೆಟ್‌ವರ್ಕಿಗೆ ಅದೂ ಭಾರ. 1600ಕ್ಕೆ ಇಳಿಸಿ, ವೆಬ್‌ಪಿ ಅನ್ನೋ ಹಗುರ ಬಗೆಯ ಫೈಲು ಮಾಡಿ, ಇನ್ನೂರು ಕೆಬಿ ಒಳಗೆ ತಂದು ಹಾಕಿದೆ.

ಫೋಟೋ ತೆಗೆಯಲು ಹೋದ ದಿನವೇ ಮೇಲಿನ ದೊಡ್ಡ ಸಾಲೂ ಸಿಕ್ಕಿತು. ಅಲ್ಲಿಯವರೆಗೆ ಅಲ್ಲಿ 'ಮಲೆನಾಡಿನ ಅಪ್ಪಟ ರುಚಿ' ಅಂತ ಇತ್ತು. ಅದನ್ನು ಬರೆದವನು ನಾನೇ, ಬಯ್ಯೋದೂ ನಾನೇ. ಅಪ್ಪಟ ರುಚಿ ಇಲ್ಲದ ಉಪ್ಪಿನಕಾಯಿಯ ಲೇಬಲ್ ಇವತ್ತಿನವರೆಗೂ ನನ್ನ ಅಂಗಡಿಗೆ ಬಂದಿಲ್ಲ. ಅಕ್ಕ ಕೆಲಸದ ಹುಡುಗನಿಗೆ ಏನೋ ಹೇಳುತ್ತಿದ್ದಳು, ನಾನು ಫೋನಲ್ಲಿ ರೆಕಾರ್ಡ್ ಹಾಕಿ ಪಕ್ಕದಲ್ಲಿ ಇಟ್ಟೆ. ಮಿಡಿ ಕೊಯ್ಯುವ ವಿಷಯ. ಕೊಯ್ಯುವವನು ಮರದಿಂದ ಬುಟ್ಟಿಯನ್ನು ಹಗ್ಗ ಕಟ್ಟಿ ಇಳಿಸಬೇಕು. ತೊಟ್ಟು ಮುರಿದರೆ ಸೊನೆ ಹೋಗುತ್ತದೆ. ಸೊನೆ ಹೋದರೆ ಪರಿಮಳ ಹೋಯಿತು, ಪರಿಮಳ ಹೋದರೆ ಅದು ಬರೀ ಮಾವಿನಕಾಯಿ. ಪೆಟ್ಟು ಬಿದ್ದದ್ದು ಒಂದು ಸೇರಿಕೊಂಡರೂ ಉಪ್ಪಿನಲ್ಲಿ ಕೂತಾಗ ಮೆತ್ತಗಾಗಿ ಪೂರ್ತಿ ಭರಣಿ ಕೆಡಿಸುತ್ತದೆ. "ನೆಲಕ್ಕೆ ಬಿದ್ದ ಮಿಡಿ ನಮಗೆ ಬ್ಯಾಡ" ಅಂದಳು.

ಅದನ್ನೇ ಹಾಕಿದೆ. ಕಾಂಕ್ರೀಟ್ ಕಟ್ಟಡದ ಮೇಲೆ ಸುಸ್ಥಿರತೆ ಇದ್ದ ಜಾಗದಲ್ಲಿ ಈಗ 'ನೆಲಕ್ಕೆ ಬಿದ್ದ ಮಿಡಿ ನಮಗೆ ಬೇಡ' ಅಂತ ಇದೆ. 'ಬ್ಯಾಡ' ಅಂತಲೇ ಇಡೋಣ ಅಂದೆ. ಅಕ್ಕ ಒಪ್ಪಲಿಲ್ಲ, "ಓದಿದವ್ರು ನಗಾಡ್ತಾರೆ" ಅಂತ.

ನಮ್ಮ ಬಗ್ಗೆ ಅನ್ನೋ ಪುಟಕ್ಕೂ ಅದೇ ರೆಕಾರ್ಡಿಂಗು. ನಾನು ಮಾಡಿದ್ದು ಕೇಳಿ ಕೇಳಿ ಟೈಪ್ ಮಾಡಿದ್ದು ಮಾತ್ರ. ಆ ಪುಟದಲ್ಲಿ ಟೆಂಪ್ಲೇಟು ತುಂಬಿಸಿದ್ದ ಹುಸಿ ಬರಹ ಅಳಿಸುವಾಗ ಲೋರೆಮ್ ಇಪ್ಸಮ್ ನೆನಪಾಯಿತು. ಜಾಗ ತುಂಬಿಸಲು ಹಾಕುವ ಅರ್ಥವಿಲ್ಲದ ಲ್ಯಾಟಿನ್ ಸಾಲು ಅದು, ನೀವೂ ಎಲ್ಲಾದರೂ ನೋಡಿರುತ್ತೀರಿ. ಮೂಲ ಇರೋದು ಕ್ರಿ.ಪೂ. 45ರಲ್ಲಿ ಸಿಸೆರೋ ಬರೆದ ಒಂದು ತತ್ವಶಾಸ್ತ್ರದ ಪುಸ್ತಕದಲ್ಲಿ. ಅದನ್ನು ಚಿಂದಿ ಮಾಡಿ ಜೋಡಿಸಿದ್ದು. 1980ರ ದಶಕದಲ್ಲಿ ಇದನ್ನು ಡಿಟಿಪಿಯವರ ಮನೆಮಾತು ಮಾಡಿದ್ದು ನನ್ನ ಪೇಜ್‌ಮೇಕರೇ. ಶುರುವಿನ ದಿನಗಳಲ್ಲಿ ನಾನು ಅದನ್ನು ಯಾವುದೋ ಔಷಧಿ ಕಂಪನಿಯ ಹೆಸರು ಅಂದುಕೊಂಡಿದ್ದೆ.

ಟೆಂಪ್ಲೇಟಿನಲ್ಲಿ ಜಾಗವೇ ಇಲ್ಲದ, ಆದರೆ ನಮಗೆ ಇರಲೇಬೇಕಾದ್ದು ಒಂದಿತ್ತು. ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ನಂಬರು, ಹದಿನಾಲ್ಕು ಅಂಕಿ. ತಿನ್ನುವ ವಸ್ತು ಮಾರುವವರು ಅದನ್ನು ಕಾಣುವ ಹಾಗೆ ಹಾಕಬೇಕು. ಆರ್ಕಿಟೆಕ್ಟರಿಗೆ ಅದರ ಗೊಡವೆ ಇಲ್ಲವಲ್ಲ. ಕೆಳಗಿನ ಪಟ್ಟಿಯಲ್ಲಿ ಅವರ ಸೋಶಿಯಲ್ ಮೀಡಿಯಾದ ಜಾಗ ಕಿತ್ತು ಅಲ್ಲಿ ಕೂರಿಸಿದೆ.

ಕಾರ್ಟು, ಆನ್‌ಲೈನ್ ಪೇಮೆಂಟು ಬೇಡ ಅಂತ ಮೊದಲೇ ತೀರ್ಮಾನ ಆಗಿತ್ತು. ಅಕ್ಕನಿಗೆ ಆರ್ಡರ್ ಮಾಡುವವರ ಜೊತೆ ಮಾತಾಡಬೇಕು. ಎಷ್ಟು ಜನ ಮನೇಲಿ, ಖಾರ ತಿಂತೀರಾ, ನಿಮ್ಮ ಊರು ಯಾವುದು, ಯಾರ ಪೈಕಿ. ಯಾವ ಕಾರ್ಟು ಇದನ್ನೆಲ್ಲ ಕೇಳುತ್ತದೆ? ವಾಟ್ಸಾಪಿಗೆ ನೇರ ಹೋಗುವ ಲಿಂಕು ಕೊಟ್ಟೆ. ಅದೂ ಎರಡು ದಿನ ಕೆಲಸ ಮಾಡಲಿಲ್ಲ. ಲೆಟರ್‌ಹೆಡ್ಡಲ್ಲಿ ಇದ್ದ ಹಾಗೆ ಮುಂದೆ ಸೊನ್ನೆ ಹಾಕಿದ್ದೆ. ಅಲ್ಲಿ ಸೊನ್ನೆಯೂ ಇರಬಾರದು, ಪ್ಲಸ್ಸೂ ಇರಬಾರದು, 91 ಹಾಕಿ ಹತ್ತು ಅಂಕಿ, ಅಷ್ಟೇ.

ಸೈಟು ಬಿಟ್ಟ ಮೇಲೆ ಎಂಟು ದಿನಕ್ಕೆ ಅಕ್ಕನ ಫೋನು. "ತಮ್ಮಾ, ನಾವು ಕೆಲಸಕ್ಕೆ ಜನ ಬೇಕು ಅಂತ ಎಲ್ಲಾದ್ರೂ ಹಾಕಿದ್ವಾ?"

ಇಲ್ಲವಲ್ಲ ಅಂದೆ.

"ಯಾರೋ ಹುಡುಗ, ಬಿಕಾಂ ಮಾಡಿದ್ದಾನಂತೆ. ಮೇಡಂ ವೇಕೆನ್ಸಿ ಇದೆಯಾ ಅಂತ ಕೇಳಿದ."

ತೆಗೆದು ನೋಡಿದರೆ ಕೆಳಗಿನ ಪಟ್ಟಿಯಲ್ಲಿ ಟೀಮ್, ಹಿಸ್ಟರಿ, ಕರಿಯರ್ಸ್ ಅಂತ ಆರ್ಕಿಟೆಕ್ಟರ ಮೂರು ಲಿಂಕು ಹಾಗೇ ಕೂತಿದ್ದವು. ಒತ್ತಿದರೆ ಎಲ್ಲಿಗೂ ಹೋಗುವುದಿಲ್ಲ, ಹಾಗಾಗಿ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಎಲ್ಲಿಗೂ ಹೋಗದ್ದು ನೋಡಿ ಆ ಹುಡುಗ ಪಾಪ ಫೋನೇ ಮಾಡಿದ್ದಾನೆ. ಸೋದರಮಾವ ಇಪ್ಪತ್ತು ವರ್ಷ ಆದಮೇಲೆ ಮತ್ತೆ ಬಂದಿದ್ದ.

"ನೀನು ಎಂತ ಹೇಳ್ದೆ?"

"ಮಾರ್ಚಿನಲ್ಲಿ ಮಿಡಿ ಬರ್ತದೆ, ತೊಟ್ಟು ಕತ್ತರಿಸೋಕೆ ಜನ ಬೇಕು, ಬಾ ಅಂದೆ. ಫೋನ್ ಇಟ್ಟ."

ಆಮೇಲೆ ಒಂದು ಕೆಲಸ ಮಾಡಿದೆ. ಅಂಗಡಿಯಲ್ಲಿ ಪ್ರೂಫ್ ನೋಡುವ ಹಾಗೆ ಪ್ರತಿ ಪುಟವನ್ನೂ ಪ್ರಿಂಟ್ ತೆಗೆದು, ಕೆಂಪು ಪೆನ್ನು ಹಿಡಿದು ಕೆಳಗಿಂದ ಮೇಲಕ್ಕೆ ಓದಿದೆ. ಕೆಳಗಿಂದ ಮೇಲಕ್ಕೆ ಓದಿದರೆ ಕಣ್ಣು ಜಾರುವುದಿಲ್ಲ, ಇದು ನನ್ನ ಹಳೇ ಅಭ್ಯಾಸ. ಇನ್ನೂ ಎರಡು ಸಿಕ್ಕಿದವು. ಬ್ಲಾಗ್ ವಿಭಾಗದಲ್ಲಿ ವರ್ಡ್‌ಪ್ರೆಸ್ ತಾನೇ ಹಾಕಿಟ್ಟ 'ಹಲೋ ವರ್ಲ್ಡ್' ಬರಹ, ಮತ್ತೆ ಅದೇ ಹಾಕಿಟ್ಟ ಮಾದರಿ ಪುಟ. ಎರಡಕ್ಕೂ ಕೆಂಪು ಗೀಟು.

ಈಗ ಅಕ್ಕನಿಗೆ ಹುಮ್ಮಸ್ಸು ಬಂದಿದೆ. ಅಪ್ಪೆಹುಳಿ ಮಾಡುವ ವಿಧಾನ ಹಾಕು ಅಂತ ವರಾತ. ಅಡುಗೆಗೆ ಅಂತಲೇ ಒಂದು ಪ್ಯಾಟರ್ನ್, ಅಂದರೆ ಸಿದ್ಧ ವಿನ್ಯಾಸ, ಹುಡುಕಿದೆ. ತಯಾರಿ ಸಮಯ, ಎಷ್ಟು ಜನಕ್ಕೆ, ಅಳತೆ, ಎಲ್ಲಕ್ಕೂ ಒಂದೊಂದು ಕೋಣೆ. ಫೋನ್ ಮಾಡಿ ಒಂದೊಂದಾಗಿ ಕೇಳಿದೆ. ಮಿಡಿ ಎಷ್ಟು? "ನಾಲ್ಕೋ ಐದೋ, ಹುಳಿ ನೋಡಿಕೊಂಡು." ನೀರು? "ಕುಡಿಯೋ ಹಾಗೆ ಇರ್ಬೇಕು." ಉಪ್ಪು? "ಮಿಡಿಯಲ್ಲೇ ಇರ್ತದಲ್ಲ ಮಾರಾಯ, ಹಾಕಿ ಆಮೇಲೆ ನನ್ನ ಬಯ್ಬೇಡ." ಒಗ್ಗರಣೆಗೆ ಸಾಸಿವೆ, ಇಂಗು, ಒಣಮೆಣಸು. ಅದಕ್ಕೂ ಅಳತೆ ಇಲ್ಲ.

ಕೋಣೆಗಳನ್ನೆಲ್ಲ ತೆಗೆದು ಅವಳು ಹೇಳಿದ್ದನ್ನೇ ಒಂದು ಪ್ಯಾರಾ ಮಾಡಿ ಬರೆದಿಟ್ಟಿದ್ದೇನೆ. ಇನ್ನೂ ಡ್ರಾಫ್ಟಲ್ಲಿದೆ. ಅಪ್ಪೆಹುಳಿಯ ಫೋಟೋ ಭಾವ ಕಳಿಸಿದ್ದಾರೆ, ಫೋನ್ ಅಡ್ಡ ಹಿಡಿದೇ ತೆಗೆದಿದ್ದಾರೆ. ಲೋಟ ಮಾತ್ರ ಖಾಲಿ. ತೆಗೆಯುವ ಮೊದಲೇ ಕುಡಿದುಬಿಟ್ಟಿದ್ದರಂತೆ.